ಮತಪತ್ರದ ಮಾತು: ಒಹಾಯೊ ಸಂಸ್ಥಾನದ ಒಂದು ಜನಮತಗಣನೆ

ಕೇಳುವ ಪ್ರಶ್ನೆಯೇ ಉತ್ತರವನ್ನು ಸೂಚಿಸುವಂತಿದ್ದರೆ, ಬಂದ ತೀರ್ಪನ್ನು ಜನರದೆಂದು ಎಷ್ಟರ ಮಟ್ಟಿಗೆ ಹೇಳಬಹುದು? ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ 2024ರ ನವೆಂಬರ್ 5ರಂದು ನಡೆದ ಮತದಾನವು ಈ ಪ್ರಶ್ನೆಯನ್ನು ಎತ್ತುತ್ತದೆ.

ಆ ಸಂಸ್ಥಾನದಲ್ಲಿ ಚುನಾವಣಾ ಕ್ಷೇತ್ರಗಳ ಎಲ್ಲೆಗಳನ್ನು ಗುರುತಿಸುವ ಆಯೋಗಕ್ಕೆ ಏಳು ಮಂದಿ ಸದಸ್ಯರು: ಗವರ್ನರ್, ಲೆಕ್ಕಪರಿಶೋಧಕ, ಸಂಸ್ಥಾನದ ಕಾರ್ಯದರ್ಶಿ, ಮತ್ತು ಶಾಸನಸಭೆಯ ಉಭಯ ಪಕ್ಷಗಳ ನಾಯಕರು ನೇಮಿಸುವ ನಾಲ್ವರು. ಈ ಆಯೋಗವು ರಚಿಸಿದ ಶಾಸನಸಭಾ ನಕ್ಷೆಗಳನ್ನು ಸಂಸ್ಥಾನದ ಸುಪ್ರೀಂ ಕೋರ್ಟು 2022ರಲ್ಲಿ ಐದು ಬಾರಿ ತಿರಸ್ಕರಿಸಿತು. ಆದರೂ ಆ ವರ್ಷದ ಚುನಾವಣೆಯು ತಿರಸ್ಕೃತ ನಕ್ಷೆಯೊಂದರ ಮೇಲೆಯೇ ನಡೆಯಿತು. ಆದಕಾರಣ ರಾಜಕಾರಣಿಗಳನ್ನು ಕೈಬಿಟ್ಟು 15 ಮಂದಿ ನಾಗರಿಕರ ಆಯೋಗವನ್ನು ರಚಿಸುವ ತಿದ್ದುಪಡಿಯೊಂದು ಜನರ ಮುಂದೆ ಬಂದಿತು. ಎರಡು ದೊಡ್ಡ ಪಕ್ಷಗಳಿಗೆ ಸೇರಿದವರು ಐದೈದು ಮಂದಿ, ಯಾವ ಪಕ್ಷಕ್ಕೂ ಸೇರದವರು ಐದು ಮಂದಿ.

ಮತಪತ್ರದ ಒಕ್ಕಣೆಯಾದರೋ, ಹೊಸ ಆಯೋಗವು ಕ್ಷೇತ್ರಗಳನ್ನು ‘ಗೆರಿಮ್ಯಾಂಡರ್’ ಮಾಡಲೇಬೇಕಾಗುವುದೆಂದು ಹೇಳಿತು. 1812ರಲ್ಲಿ ಮಸಾಚುಸೆಟ್ಸಿನ ಗವರ್ನರ್ ಎಲ್ಬ್ರಿಜ್ ಗೆರಿಯ ಹೆಸರಿನಿಂದ ಹುಟ್ಟಿದ ಈ ಪದಕ್ಕೆ, ಪಕ್ಷದ ಲಾಭಕ್ಕಾಗಿ ಎಲ್ಲೆಗಳನ್ನು ತಿರುಚುವುದೆಂದು ಅರ್ಥ. ಒಕ್ಕಣೆಯನ್ನು ಸಮರ್ಥಿಸುವವರ ವಾದವನ್ನೂ ಕೇಳಬೇಕು. ಪಕ್ಷಗಳಿಗೆ ದೊರೆಯುವ ಸ್ಥಾನಗಳು ಸಂಸ್ಥಾನದ ಒಟ್ಟು ಮತಗಳ ಪ್ರಮಾಣಕ್ಕೆ ಸಮೀಪವಾಗಿರಬೇಕೆಂದು ತಿದ್ದುಪಡಿಯು ವಿಧಿಸುತ್ತಿತ್ತು; ಪಕ್ಷದ ಬಲಾಬಲವನ್ನು ನೋಡದೆ ಇದು ಸಾಧ್ಯವಿಲ್ಲ. ಇದು ನಿಜ. ಆದರೆ ತೂಕ ಸರಿಯಾಗಿರಬೇಕೆಂದು ತಕ್ಕಡಿಯನ್ನು ನೋಡುವುದು ಬೇರೆ, ತಕ್ಕಡಿಯನ್ನು ಒಂದು ಕಡೆಗೆ ವಾಲಿಸುವುದು ಬೇರೆ. ಎರಡಕ್ಕೂ ಒಂದೇ ನಿಂದಾಪದವನ್ನು ಬಳಸಿದುದು ಈ ಒಕ್ಕಣೆಯ ಮೂಲದೋಷವೆಂದು ನಾವು ಭಾವಿಸುತ್ತೇವೆ.

ಒಕ್ಕಣೆಯನ್ನು ಅಂಗೀಕರಿಸಿದ ಮತಪತ್ರ ಮಂಡಲಿಯ ಅಧ್ಯಕ್ಷರು ಸಂಸ್ಥಾನದ ಕಾರ್ಯದರ್ಶಿಗಳೇ. ತಿದ್ದುಪಡಿಯು ಗೆದ್ದಿದ್ದರೆ ಆಯೋಗದಲ್ಲಿ ಅವರ ಸ್ಥಾನವೇ ಇಲ್ಲವಾಗುತ್ತಿತ್ತು. ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ನಾಲ್ವರ ಬಹುಮತದಿಂದ, ಮೂವರು ಭಿನ್ನಾಭಿಪ್ರಾಯ ತಳೆಯಲು, ಒಕ್ಕಣೆಯ ಬಹುಭಾಗವನ್ನು ಎತ್ತಿಹಿಡಿಯಿತು. ಮತದಾರರಲ್ಲಿ ನೂರಕ್ಕೆ ಸುಮಾರು 54 ಮಂದಿ ತಿದ್ದುಪಡಿಯನ್ನು ನಿರಾಕರಿಸಿದರು.

ಸೋಲಿಗೆ ಒಕ್ಕಣೆಯೊಂದೇ ಕಾರಣವೆಂದು ನಾವು ಹೇಳಲಾರೆವು. ಜನರು ಚುನಾಯಿಸದ ಸದಸ್ಯರು ಯಾರಿಗೆ ಉತ್ತರವಾದಿಗಳೆಂಬ ಸಂದೇಹವು ಪ್ರಾಮಾಣಿಕ ಮತದಾರನಿಗೂ ಬರಬಹುದಾದುದೇ. ಆದರೆ ಆ ಸಂದೇಹವನ್ನು ಅಳೆದು ನೋಡುವ ಅವಕಾಶವನ್ನು ಒಕ್ಕಣೆಯು ಕೊಡಲಿಲ್ಲ. ಎಲ್ಲೆಯನ್ನು ಎಳೆಯುವವರು ಯಾರೆಂದು ವಿಚಾರಿಸುವ ಸುಧಾರಕರು, ಪ್ರಶ್ನೆಯನ್ನು ಬರೆಯುವವರು ಯಾರೆಂಬುದನ್ನು ಮೊದಲು ವಿಚಾರಿಸಬೇಕು.