ಡಬ್ಬಿಗೆ ಒಂದು ತೀರ್ಪು, ಕತೆಗೆ ಇನ್ನೊಂದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಟಿವಿ, ಮೊಬೈಲು, ಗೇಮುಗಳ ವಿಮರ್ಶೆ ನಡೆಯುವುದು ರಿಪೇರಿ ಅಂಗಡಿಯ ಕೌಂಟರಿನ ಮುಂದೆ, ಚಹಾದಂಗಡಿಯ ಬೆಂಚಿನ ಮೇಲೆ, ರಾತ್ರಿ ಉಂಡು ಕೂತ ಕಟ್ಟೆಯ ಮೇಲೆ. ಅದನ್ನು ಬರೀ ಹರಟೆ ಎಂದು ತಳ್ಳಿಹಾಕುವಂತಿಲ್ಲ. ಯಾವ ಸೆಟ್ ಕೊಳ್ಳಬೇಕು, ಯಾವ ಚಾನೆಲ್ಲಿಗೆ ದುಡ್ಡು ಕಟ್ಟಬೇಕು, ಮಗನ ಕೈಯಿಂದ ಮೊಬೈಲು ಯಾವಾಗ ಕಸಿದುಕೊಳ್ಳಬೇಕು ಎಂಬುದೆಲ್ಲ ತೀರ್ಮಾನವಾಗುವುದು ಈ ಮಾತುಗಳಲ್ಲಿಯೇ. ಯಂತ್ರದ ವಿಷಯಕ್ಕೆ ಬಂದರೆ ಈ ಮಾತು ಖಚಿತ, ಅನುಭವದಿಂದ ಹದವಾದದ್ದು. ಯಂತ್ರದೊಳಗೆ ಓಡುವ ಕತೆ ಮತ್ತು ಆಟದ ವಿಷಯಕ್ಕೆ ಬಂದೊಡನೆ ಅದೇ ಮಾತು ಸಡಿಲಗೊಂಡು ಬೈಗುಳವೋ ಉಪದೇಶವೋ ಆಗಿಬಿಡುತ್ತದೆ.

ಮೊದಲು ಹೀಗಿರಲಿಲ್ಲ. ಟಿವಿ ಬರುವ ಎಷ್ಟೋ ತಲೆಮಾರು ಮೊದಲೇ ಇಲ್ಲಿನ ಜನ ತೆರೆಯ ಮೇಲೆ ಕತೆ ನೋಡಿದವರು. ಕೊಪ್ಪಳ ತಾಲೂಕಿನ ಮೋರನಾಳದ ಶಿಳ್ಳೇಕ್ಯಾತ ಮನೆತನಗಳ ತೊಗಲುಗೊಂಬೆಯಾಟದಲ್ಲಿ ಬಿಳಿ ಪರದೆ ಇತ್ತು, ಹಿಂದೆ ಬೆಳಕಿತ್ತು, ರಾಮಾಯಣ ಮಹಾಭಾರತಗಳು ರಾತ್ರಿಯಿಡೀ ನಡೆಯುತ್ತಿದ್ದವು. 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ಶಿಳ್ಳೇಕ್ಯಾತರ ಆ ಊರಿನವರು. ಗೊಂಬೆ ಕುಣಿಸುವ ಕೈ, ಹಾಡುವ ಕೊರಳು, ಕಿಳ್ಳೇಕ್ಯಾತ ಎಂಬ ವಿದೂಷಕ ಗೊಂಬೆಯ ತಮಾಷೆ ಇವನ್ನು ನೋಡುಗರು ಬೇರೆಬೇರೆಯಾಗಿಯೇ ತೂಗುತ್ತಿದ್ದರು. ದೊಡ್ಡಾಟದಲ್ಲೂ ಅಷ್ಟೇ: ಚೆನ್ನಾಗಿ ಕುಣಿದವನಿಗೆ ಆಯೇರು, ಮಾತು ಮರೆತವನಿಗೆ ಅಲ್ಲಿಯೇ ಕೂಗು. ಆಡುವವರು ಕಣ್ಣೆದುರಿಗೆ ಇದ್ದುದರಿಂದ ತೀರ್ಪು ತಲುಪಬೇಕಾದಲ್ಲಿಗೆ ತಲುಪುತ್ತಿತ್ತು. ಟಿವಿ ಮುರಿದದ್ದು ಈ ಕೊಂಡಿಯನ್ನು.

ಆದರೆ ಅದು ಬಂದ ಮೊದಲ ವರ್ಷದಲ್ಲಿ ಮುರಿಯಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ಅಮೆರಿಕದ ನಾಸಾ ಕೂಡಿ ನಡೆಸಿದ ‘ಸೈಟ್’ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ತಂದಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಬೆಂಗಳೂರು, ಮೈಸೂರು ಸೀಮೆಯಲ್ಲ. ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೊಪ್ಪಳ ಸೀಮೆಯ ನಾಲ್ಕೂ ತಾಲೂಕುಗಳು ಆಗ ರಾಯಚೂರು ಜಿಲ್ಲೆಯಲ್ಲಿದ್ದವು. ಆಗಿನ್ನೂ ರಾಜಧಾನಿಗೇ ದೂರದರ್ಶನ ಬಂದಿರಲಿಲ್ಲ. ಹಿಂದುಳಿದದ್ದು ಎಂಬ ಕಾರಣಕ್ಕೇ ಈ ಸೀಮೆ ಒಂದು ವಿಷಯದಲ್ಲಿ ರಾಜ್ಯಕ್ಕಿಂತ ಮುಂದೆ ಹೋಯಿತು.

ವ್ಯವಸ್ಥೆ ಸರಳವಾಗಿತ್ತು. ಎಟಿಎಸ್-6 ಎಂಬ ಉಪಗ್ರಹವನ್ನು ಆಫ್ರಿಕಾದ ಪೂರ್ವ ಭಾಗದ ಮೇಲಕ್ಕೆ ಸರಿಸಿ ನಿಲ್ಲಿಸಲಾಗಿತ್ತು. ಹಳ್ಳಿಯಲ್ಲಿ ಅದರ ಸಂಕೇತ ಹಿಡಿಯುತ್ತಿದ್ದದ್ದು ಕೋಳಿಗೂಡಿಗೆ ಬಳಸುವ ತಂತಿಜಾಲರಿಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಛತ್ರಿ. ಶಾಲೆಯಲ್ಲೋ ಪಂಚಾಯಿತಿಯಲ್ಲೋ ಇಡೀ ಊರಿಗೆ ಒಂದು ಸೆಟ್ಟು. ಬೆಳಿಗ್ಗೆ ಒಂದೂವರೆ ತಾಸು ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ಊರವರಿಗೆ. ಬೆಳಗಿನ ಸಮಯವನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡಗಳಿಗೆ ಹಂಚಿದರೆ ಕನ್ನಡದ ಪಾಲಿಗೆ ಬರುತ್ತಿದ್ದದ್ದು ಇಪ್ಪತ್ತೆರಡೂವರೆ ನಿಮಿಷ. ಕಾರ್ಯಕ್ರಮ ತಯಾರಿಕೆಯ ಕೇಂದ್ರಗಳು ದೆಹಲಿ, ಕಟಕ್, ಹೈದರಾಬಾದುಗಳಲ್ಲಿದ್ದವು. ಕರ್ನಾಟಕದಲ್ಲಿ ಒಂದೂ ಇರಲಿಲ್ಲ.

ಪ್ರಯೋಗದ ನಿಜವಾದ ಹಿರಿಮೆ ಉಪಗ್ರಹಕ್ಕಿಂತ ಹೆಚ್ಚಾಗಿ ಅದರ ಜೊತೆ ಬಂದ ಪ್ರಶ್ನೆಗಳಲ್ಲಿತ್ತು. ಸಮಾಜವಿಜ್ಞಾನಿಗಳು ಆಯ್ದ ಹಳ್ಳಿಗಳಲ್ಲಿ ಉಳಿದು, ಯಾರು ನೋಡಿದರು, ಏನು ಅರ್ಥವಾಯಿತು, ಯಾವುದು ಹಿಡಿಸಲಿಲ್ಲ ಎಂದು ಕೇಳಿ ಬರೆದುಕೊಂಡರು. ಮೊದಮೊದಲು ಕುತೂಹಲಕ್ಕೆ ಸೇರಿದ ಜನಸಂದಣಿ ಬರಬರುತ್ತ ಕರಗಿ, ಒಂದು ಸೆಟ್ಟಿನ ಮುಂದೆ ಸರಾಸರಿ ನೂರರ ಆಸುಪಾಸಿನಲ್ಲಿ ನಿಂತಿತು. ಓದು ಬಾರದವರು, ಅದರಲ್ಲೂ ಹೆಂಗಸರು, ಆರೋಗ್ಯದ ವಿಷಯಗಳನ್ನು ಹೆಚ್ಚು ಕಲಿತದ್ದು ಕಂಡುಬಂತು. ಹಳ್ಳಿಯ ನೋಡುಗರು ಬರೀ ಮನರಂಜನೆಗಿಂತ ಉಪಯೋಗಕ್ಕೆ ಬರುವ ಕಾರ್ಯಕ್ರಮಗಳನ್ನು ಮೆಚ್ಚಿದರೆಂಬುದು ತಯಾರಕರು ನಿರೀಕ್ಷಿಸಿರದ ಉತ್ತರ. ಇದಕ್ಕೆ ಉಲ್ಟಾ ನಂಬಿಕೆಯ ಮೇಲೆಯೇ ಮುಂದಿನ ಅರ್ಧ ಶತಮಾನದ ಟಿವಿ ಉದ್ಯಮ ಬೆಳೆಯಿತು. ವರ್ಷದ ಕರಾರು ಮುಗಿದ ಮೇಲೆ ಉಪಗ್ರಹವನ್ನು ಬೇರೆಡೆಗೆ ಸರಿಸಲಾಯಿತು, ಛತ್ರಿಗಳು ಖಾಲಿಯಾದವು. ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲಬರ್ಗಾ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿನದು ಶುರುವಾದದ್ದು 1981ರ ನವೆಂಬರ್ 1ರಂದು.

ಆಮೇಲೆ ಬಂದ ಟಿವಿ ಕೇಳುವ ಟಿವಿ ಆಗಿರಲಿಲ್ಲ, ಹೇಳುವ ಟಿವಿ. 1987ರ ಜನವರಿಯಲ್ಲಿ ಶುರುವಾದ ರಮಾನಂದ ಸಾಗರರ ರಾಮಾಯಣ ಇದಕ್ಕೆ ಒಳ್ಳೆಯ ಉದಾಹರಣೆ. ಗಂಗಾವತಿ ತಾಲೂಕಿನ ಆನೆಗೊಂದಿ, ಅಂಜನಾದ್ರಿ, ಪಂಪಾಸರೋವರಗಳ ಸುತ್ತಲಿನವರು ತಮ್ಮ ನೆಲವೇ ಕಿಷ್ಕಿಂಧೆ ಎಂದು ನಂಬಿದವರು. ಆ ಕಿಷ್ಕಿಂಧೆಯ ಕತೆ ಅವರ ಮನೆಗೆ ಬಂದದ್ದು ಹಿಂದಿಯಲ್ಲಿ. ಮಾತು ತಿಳಿಯದಿದ್ದರೂ ಕತೆ ಗೊತ್ತಿತ್ತು, ಹಾಗಾಗಿ ನೋಡಿದರು, ದೇಶದ ಬೇರೆಡೆಯಂತೆ ಇಲ್ಲೂ ಕೈ ಮುಗಿದು ನೋಡಿದರು. ತೊಗಲುಗೊಂಬೆಯ ಹನುಮಂತನನ್ನು ಅಳೆದ ಕಣ್ಣು ಟಿವಿಯ ಹನುಮಂತನನ್ನು ಅಳೆಯಲಿಲ್ಲ. ವಿಮರ್ಶೆಯ ಜಾಗದಲ್ಲಿ ಭಕ್ತಿ ಕೂತಿತು. ಭಕ್ತಿ ತೀರಿದಾಗ, ಧಾರಾವಾಹಿಗಳ ಕಾಲದಲ್ಲಿ, ಅದೇ ಜಾಗಕ್ಕೆ ಬೈಗುಳ ಬಂತು.

1994ರಲ್ಲಿ ಉದಯ, 2000ದ ಕೊನೆಯಲ್ಲಿ ಈಟಿವಿ, 2006ರಲ್ಲಿ ಜೀ ಕನ್ನಡ ಬಂದ ಮೇಲೆ ಸಂಜೆ ಎಂಬುದು ಧಾರಾವಾಹಿಯ ಹೊತ್ತಾಯಿತು. “ಟಿವಿ ಹಚ್ಚಿದ್ರ ಬರೀ ಅತ್ತಿ-ಸೊಸಿ ಜಗಳನ” ಎಂಬುದು ಈ ಸೀಮೆಯಲ್ಲಿ ಅತಿ ಹೆಚ್ಚು ಕೇಳುವ ಟಿವಿ ವಿಮರ್ಶೆ. ಅತಿ ಹೆಚ್ಚು ಸೋಮಾರಿಯಾದದ್ದೂ ಅದೇ. ಹಾಗೆನ್ನುವ ಗಂಡಸರು ಸುದ್ದಿ ಚಾನೆಲ್ಲಿನಲ್ಲಿ ಎರಡು ತಾಸು ನೋಡುವುದೂ ಜಗಳವನ್ನೇ. ಧಾರಾವಾಹಿಯನ್ನು ದಿನಾ ನೋಡುವ ಹೆಂಗಸರ ಮಾತು ಇದಕ್ಕಿಂತ ಸೂಕ್ಷ್ಮ. ಕತೆಯನ್ನು ಎಲ್ಲಿ ಸುಮ್ಮನೆ ಎಳೆಯುತ್ತಿದ್ದಾರೆ, ಯಾವ ಪಾತ್ರದ ನಟಿಯನ್ನು ಬದಲಿಸಿದ ಮೇಲೆ ರುಚಿ ಕೆಟ್ಟಿತು, ಅಡುಗೆಮನೆಯಲ್ಲೂ ರೇಷ್ಮೆ ಸೀರೆ ಉಟ್ಟು ನಿಲ್ಲುವವರು ಯಾವ ಊರವರು ಎಂದು ಅವರು ಬಿಡಿಸಿ ಹೇಳುತ್ತಾರೆ. ಅದನ್ನು ವಿಮರ್ಶೆ ಎಂದು ಯಾರೂ ಎಣಿಸದಿರುವುದು ಕೇಳುವವರ ಕೊರತೆ.

ಈ ಕಟ್ಟೆಯ ವಿಮರ್ಶೆ ಹಿಡಿದ ನಿಜವಾದ ದೋಷವೊಂದಿದೆ. ಧಾರಾವಾಹಿಯ ಮನೆತನಗಳು ಬೆಂಗಳೂರು-ಮೈಸೂರಿನ ಕನ್ನಡ ಆಡುತ್ತವೆ. “ಐತಿ, ಬರ್ತೈತಿ” ಎನ್ನುವ ಪಾತ್ರ ಬಂದರೆ ಅದು ಬಹುಮಟ್ಟಿಗೆ ಕೆಲಸದಾಳೋ ನಗೆಗಾರನೋ ಆಗಿರುತ್ತದೆ. ಯಲಬುರ್ಗಾದ ವೈದ್ಯೆ, ಕುಷ್ಟಗಿಯ ವಕೀಲ ತಮ್ಮ ಮನೆಯ ಮಾತಿನಲ್ಲಿ ಅತ್ತದ್ದು, ಪ್ರೀತಿಸಿದ್ದು ಟಿವಿಯಲ್ಲಿ ಅಪರೂಪ. ಗಂಗಾವತಿಯ ಹಾಸ್ಯ ಭಾಷಣಕಾರ ಪ್ರಾಣೇಶ್ ಕ್ಯಾಸೆಟ್ಟು, ಸಿ.ಡಿ., ಆಮೇಲೆ ಯೂಟ್ಯೂಬು ಹೀಗೆ ಬದಲಾದ ಪ್ರತಿಯೊಂದು ಯಂತ್ರದಲ್ಲೂ ಈ ಸೀಮೆಯ ಮಾತನ್ನು ನಾಡಿಗೆಲ್ಲ ಕೇಳಿಸಿದರು. ಆದರೆ ಅವರ ಗೆಲುವನ್ನು ಚಾನೆಲ್ಲುಗಳು ಓದಿಕೊಂಡದ್ದು ತಪ್ಪಾಗಿ: ಉತ್ತರ ಕರ್ನಾಟಕದ ಕನ್ನಡ ನಗಿಸುವುದಕ್ಕೆ ಮಾತ್ರ ಒದಗುತ್ತದೆ ಎಂದು. ಟಿವಿಯ ಮೇಲಿನ ಈ ದೂರುಗಳಿಗೆಲ್ಲ, ದೂರದರ್ಶನದ ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ನಡೆಸಿಕೊಂಡು ಬಂದ ರಸಪ್ರಶ್ನೆ ‘ಥಟ್ ಅಂತ ಹೇಳಿ’ ಒಂದು ಅಪವಾದ. ಬಹುಮಾನವಾಗಿ ಪುಸ್ತಕ ಕೊಡುವ ಆ ಕಾರ್ಯಕ್ರಮವನ್ನು ಬೈದವರು ಸಿಗುವುದು ಕಷ್ಟ.

ಇಷ್ಟೆಲ್ಲ ಅಭಿಪ್ರಾಯ ಚಾನೆಲ್ಲಿಗೆ ಮುಟ್ಟದಿರಲು ಕಾರಣವಿದೆ. ಟಿವಿ ನೋಡುಗರ ಅಳತೆ ಬಹುಕಾಲ ಪಟ್ಟಣಗಳಿಗೆ ಸೀಮಿತವಾಗಿತ್ತು. ಬಾರ್ಕ್ ಸಂಸ್ಥೆ ಹಳ್ಳಿಗಳನ್ನು ಲೆಕ್ಕಕ್ಕೆ ಸೇರಿಸಿದ್ದು 2015ರಲ್ಲಿ. 1975ರಲ್ಲಿ ದೇಶ ಯಾವ ಹಳ್ಳಿಗಳನ್ನು ಹುಡುಕಿಕೊಂಡು ಹೋಗಿ ಕೇಳಿತ್ತೋ ಅಂಥ ಹಳ್ಳಿಗಳು ಮತ್ತೆ ಎಣಿಕೆಗೆ ಬರಲು ನಲವತ್ತು ವರ್ಷ ಹಿಡಿಯಿತು. ಆಗಲೂ ಬಂದದ್ದು ಮೀಟರು. ಸೆಟ್ಟು ಹಚ್ಚಿತ್ತೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಾಗುತ್ತದೆ. ನೋಡಿದವರು ಮೆಚ್ಚಿದರೋ ಬೈದುಕೊಂಡು ಕೂತಿದ್ದರೋ ಗೊತ್ತಾಗುವುದಿಲ್ಲ.

ಕತೆಯಿಂದ ಯಂತ್ರಕ್ಕೆ ಬಂದರೆ ಮಾತಿನ ಹದವೇ ಬದಲಾಗುತ್ತದೆ. 2003ರಲ್ಲಿ ನೋಕಿಯಾ 1100 ಬಂದಾಗ ಅದರ ಟಾರ್ಚು, ದೂಳು ಹೋಗದ ಕೀಲಿಮಣೆ, ದಿನಗಟ್ಟಲೆ ನಿಲ್ಲುವ ಬ್ಯಾಟರಿ ಇಲ್ಲಿ ಮೆಚ್ಚುಗೆ ಪಡೆದದ್ದು ಆಕಸ್ಮಿಕವಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತು ಬಂದರೆ ರೈತ ಕತ್ತಲಲ್ಲಿ ಹೊಲಕ್ಕೆ ಹೋಗಿ ಮೋಟರು ಚಾಲೂ ಮಾಡಬೇಕು. ದಾರಿಯಲ್ಲಿ ಹಾವು, ಚೇಳು. ಆ ಟಾರ್ಚಿಗೆ ಕ್ಯಾಮೆರಾಕ್ಕಿಂತ ಬೆಲೆ ಹೆಚ್ಚು. ಅದೇ ತರ್ಕ ಮುಂದುವರಿದು, ಹಾಸಿಗೆಯಿಂದಲೇ ಫೋನು ಮಾಡಿ ಪಂಪು ಚಾಲೂ ಮಾಡುವ ಮೊಬೈಲ್ ಸ್ಟಾರ್ಟರು ಕುಷ್ಟಗಿ, ಯಲಬುರ್ಗಾದ ಕೊಳವೆಬಾವಿಯ ರೈತನಿಗೆ ಯಾವ ದುಬಾರಿ ಫೋನಿಗಿಂತಲೂ ದೊಡ್ಡ ಸಂಶೋಧನೆ. ನಗರದ ಫೋನ್ ವಿಮರ್ಶೆಗಳಲ್ಲಿ ಅದಕ್ಕೆ ಒಂದು ಸಾಲೂ ಸಿಗದು.

ಚೀನಾ ಸೆಟ್ಟುಗಳ ಪ್ರಸಂಗವೂ ಹೀಗೆಯೇ. ದೊಡ್ಡ ಆವಾಜು, ಎರಡು ಸಿಮ್ಮು, ಅಗ್ಗದ ಬೆಲೆಯ ಆ ಫೋನುಗಳನ್ನು ತಿಳಿದವರು ಕಸವೆಂದರು. ಕೊಂಡವರಿಗೆ ಅದು ರೇಡಿಯೋ, ಟೇಪ್ ರೆಕಾರ್ಡರು, ಫೋನು ಮೂರೂ ಆಗಿತ್ತು. ಐಎಂಇಐ ಸಂಖ್ಯೆ ಇಲ್ಲದ ಸೆಟ್ಟುಗಳನ್ನು 2009ರ ನವೆಂಬರ್ ಕೊನೆಗೆ ಸರ್ಕಾರ ಬಂದ್ ಮಾಡಿಸಿದರೂ, ಎರಡು ಸಿಮ್ಮು ಬೇಕೆಂಬ ಬೇಡಿಕೆ ಗೆದ್ದಿತು. ಮೊದಲು ಹಿಂಜರಿದ ದೊಡ್ಡ ಕಂಪನಿಗಳೇ ಆಮೇಲೆ ಅದನ್ನು ಒಪ್ಪಿಕೊಂಡವು. ಮೂವತ್ತೆರಡು ಇಂಚಿನ ಟಿವಿಯ ಬಗೆಗಿನ ಒಲವಿಗೂ ಲೆಕ್ಕದ ಆಧಾರವಿತ್ತು: 2019ರ ಜನವರಿಯಿಂದ ಆ ಅಳತೆಯವರೆಗಿನ ಟಿವಿಗೆ ಜಿಎಸ್‌ಟಿ ಶೇ 18, ಅದಕ್ಕೂ ದೊಡ್ಡದಕ್ಕೆ ಶೇ 28 ಇತ್ತು. ಈ ಅಂತರ ಹೋದದ್ದು 2025ರ ಸೆಪ್ಟೆಂಬರಿನಲ್ಲಿ. ರಿಪೇರಿಯವನ ಬಾಯಿಂದ ಬರುವ ತೀರ್ಪೂ ಇಂಥದ್ದೇ ಗಟ್ಟಿತನದ್ದು. ಯಾವ ಕಂಪನಿಯ ಚಾರ್ಜಿಂಗ್ ಪಿನ್ ಬೇಗ ಸಡಿಲಾಗುತ್ತದೆ, ಯಾವುದರ ಡಿಸ್‌ಪ್ಲೇ ಹಾಕಿಸಿದರೆ ಹೊಸ ಫೋನಿನ ಅರ್ಧ ದುಡ್ಡು ಹೋಗುತ್ತದೆ ಎಂಬುದು ಅವನಿಗೆ ಕೈಯಿಂದ ಗೊತ್ತು. ಮಾರುವ ಆಸೆಯಿಂದ ಮಾತು ಬಾಗುವುದುಂಟು. ಆದರೂ ನಕ್ಷತ್ರ ಎಣಿಸುವ ಆನ್‌ಲೈನ್ ಅಭಿಪ್ರಾಯಗಳಿಗಿಂತ ಅದನ್ನು ನಂಬಬಹುದು.

ಗೇಮಿನ ವಿಷಯದಲ್ಲಿ ಈ ನಿಖರತೆ ಪೂರ್ತಿ ಕೈಕೊಡುತ್ತದೆ. “ಹುಡುಗ್ರು ಗೇಮಿನ್ಯಾಗ ಹಾಳಾದ್ವು” ಎಂಬ ಒಂದೇ ವಾಕ್ಯದಲ್ಲಿ ಮಗು ಆಡುವ ಹಣ್ಣು ಕತ್ತರಿಸುವ ಆಟ, ಕಾಲೇಜು ಹುಡುಗರ ಫ್ರೀ ಫೈರ್, ಮನೆಯವರೆಲ್ಲ ಆಡುವ ಲೂಡೊ, ದುಡ್ಡು ಕಟ್ಟಿ ಆಡುವ ರಮ್ಮಿ ಎಲ್ಲ ಒಟ್ಟಾಗಿ ಹೋಗುತ್ತವೆ. ಆಡುವವರಿಗೆ ಗೊತ್ತಿರುವ ವ್ಯತ್ಯಾಸ ಬೈಯುವವರಿಗೆ ಗೊತ್ತಿಲ್ಲ. ಪಬ್ಜಿಯಲ್ಲಿ ನೂರು ಜನ ಇಳಿದರೆ ಫ್ರೀ ಫೈರ್‌ನಲ್ಲಿ ಐವತ್ತು ಜನ. ಫ್ರೀ ಫೈರ್‌ನ ಒಂದು ಸುತ್ತು ಸುಮಾರು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕಡಿಮೆ ಮೆಮೊರಿಯ ಅಗ್ಗದ ಫೋನಿನಲ್ಲೂ ಹ್ಯಾಂಗ್ ಆಗದೆ ಓಡುತ್ತದೆ. ಸಣ್ಣ ಊರುಗಳಲ್ಲಿ ಅದು ಬೇರೂರಿದ್ದು ಈ ಗುಣಗಳಿಂದ. ಅದರ ದೋಷವೂ ಬೇರೆಯೇ: ಗುಂಡಿನ ಸದ್ದಿಗಿಂತ, ಪಾತ್ರದ ಅಂಗಿ-ಬಂದೂಕಿನ ಬಣ್ಣಕ್ಕೆ ದುಡ್ಡು ಹಾಕಿಸುವ ಪೆಟ್ಟಿಗೆಗಳು ಹುಡುಗರ ಜೇಬಿಗೆ ಹೆಚ್ಚು ಅಪಾಯ. ಈ ಮಾತನ್ನು ಶಾಲೆಯ ಉಪದೇಶಗಳಲ್ಲಿ ಕೇಳುವುದು ಕಡಿಮೆ.

ಕಾನೂನಿನ ಇತಿಹಾಸವೂ ಇದೇ ಗೊಂದಲದ್ದು. ಪಬ್ಜಿ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಗಿ ಮರುವರ್ಷ ಬೇರೆ ಹೆಸರಲ್ಲಿ ಬಂತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧವಾದರೂ ಅದರ ಮ್ಯಾಕ್ಸ್ ರೂಪ ಉಳಿಯಿತು. ಕಾರಣ ದೇಶದ ಭದ್ರತೆ, ಆಟದ ಗುಣವಲ್ಲ. ಊರಲ್ಲಿ ಮಾತ್ರ ಅದು ‘ಮಕ್ಕಳನ್ನು ಕೆಡಿಸಿದ್ದಕ್ಕೆ ಸಿಕ್ಕ ಶಿಕ್ಷೆ’ ಎಂದೇ ಅರ್ಥವಾಯಿತು. ಹಣದ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. 2025ರ ಆಗಸ್ಟಿನ ಕೇಂದ್ರ ಕಾಯ್ದೆ ಕೊನೆಗೆ ಗೆರೆ ಎಳೆದು, ದುಡ್ಡು ಪಣವಿಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನೂ ಸಾಮಾನ್ಯ ಆಟಗಳನ್ನೂ ಬೇರೆ ಇಟ್ಟಿತು. ಮನೆ ಹಾಳು ಮಾಡಿದ್ದು ರಮ್ಮಿ, ಏಟು ತಿಂದದ್ದು ಲೂಡೊ ಎಂಬಂತಿದ್ದ ಕಟ್ಟೆಯ ತೀರ್ಪಿಗಿಂತ ಇಷ್ಟರ ಮಟ್ಟಿಗೆ ಕಾನೂನೇ ಒಳ್ಳೆಯ ವಿಮರ್ಶಕ.

ಆಟಿಕೆಯ ಬಗ್ಗೆ ತಿಳಿಯದ ಜಿಲ್ಲೆಯೇನೂ ಇದಲ್ಲ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಕೊರೆದು ಬಣ್ಣ ಹಾಕಿದ ಗೊಂಬೆಯನ್ನು ಕೈಯಲ್ಲಿ ಹಿಡಿದರೆ ಬಣ್ಣದ ಕೆಲಸ ಹಳೆಯ ಕೈಯದೋ ಕಲಿಯುವವನದೋ ಎಂದು ಹೇಳಬಲ್ಲವರು ಇಲ್ಲಿದ್ದಾರೆ. ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಕೈಗೆ ಸಿಗುವ ಆಟಿಕೆಯನ್ನು ಹೀಗೆ ಪರೀಕ್ಷಿಸುವ ಊರು, ಮಗ ದಿನಾ ಆಡುವ ಆಟವನ್ನು ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡದೆಯೇ ತೀರ್ಪು ಕೊಡುತ್ತಿದೆ. ಸೆಟ್ಟಿನ ವಿಷಯದಲ್ಲಿ ಕೊಪ್ಪಳ ಸೀಮೆಯ ಅಭಿಪ್ರಾಯವನ್ನು ಕಣ್ಣು ಮುಚ್ಚಿ ನಂಬಬಹುದು, ಧಾರಾವಾಹಿಯ ವಿಷಯದಲ್ಲಿ ಹೆಂಗಸರ ಮಾತನ್ನು ನಂಬಬಹುದು. ಗೇಮಿನ ವಿಷಯದಲ್ಲಿ ಸದ್ಯಕ್ಕೆ ಇಲ್ಲಿ ವಿಮರ್ಶೆ ಹುಟ್ಟಿಲ್ಲ.