ಹಿತ್ತಲ ಕೋಳಿಗೂಡಿನ ಚಳಿಗಾಲದ ದೀಪ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮೇನ್‌ನಂತಹ ಉತ್ತರದ ರಾಜ್ಯಗಳಲ್ಲಿ ಮನೆಯ ಹಿತ್ತಲಲ್ಲಿ ನಾಲ್ಕಾರು ಹೇಂಟೆಗಳನ್ನು ಸಾಕುವವರಲ್ಲಿ, ಶರತ್ಕಾಲ ಮುಗಿಯುತ್ತಿದ್ದಂತೆ ಗೂಡಿನೊಳಗೆ ಒಂದು ವಿದ್ಯುದ್ದೀಪವನ್ನು ತೂಗುಹಾಕಿ, ಅದನ್ನು ಟೈಮರಿಗೆ ಜೋಡಿಸಿ, ಕುಗ್ಗುತ್ತಿರುವ ಹಗಲನ್ನು 14ರಿಂದ 16 ಗಂಟೆಗಳವರೆಗೆ ಹಿಗ್ಗಿಸುವ ರೂಢಿ ವ್ಯಾಪಕವಾಗಿದೆ. ದೀಪವಿದ್ದರೆ ಕೋಳಿ ಚಳಿಗಾಲದಲ್ಲೂ ಮೊಟ್ಟೆಯಿಡುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಹಾಗೆ ಇಡಿಸುವುದು ಸರಿಯೇ ಎಂಬುದರಲ್ಲಿ ಮಾತ್ರ ಸಾಕಣೆದಾರರು ಎರಡು ಬಣಗಳಾಗಿದ್ದಾರೆ, ಮತ್ತು ಎರಡೂ ಬಣಗಳು ಆಗಾಗ ಗಟ್ಟಿಯಲ್ಲದ ಆಧಾರಗಳ ಮೇಲೆ ನಿಂತು ವಾದಿಸುತ್ತವೆ. ಈ ರೂಢಿ ಹುಟ್ಟಿದ್ದು ಮಾರುಕಟ್ಟೆಗೆ ಮೊಟ್ಟೆ ಒದಗಿಸುವ ಫಾರಂಗಳಲ್ಲಿ. ಅಲ್ಲಿನ ಲೆಕ್ಕಾಚಾರವನ್ನು ಅಲ್ಲಿಯೇ ಬಿಟ್ಟು ಸಲಕರಣೆಯನ್ನಷ್ಟೇ ಹಿತ್ತಲಿಗೆ ತಂದದ್ದರಿಂದ ಅದರ ಗುಣದೋಷಗಳ ತೂಕ ತಪ್ಪಿದೆ.

ಮಿನ್ನಿಯಾಪೊಲಿಸ್ ನಗರದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಸುಮಾರು 15 ಗಂಟೆ 35 ನಿಮಿಷವಿದ್ದರೆ, ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 8 ಗಂಟೆ 45 ನಿಮಿಷಕ್ಕೆ ಇಳಿಯುತ್ತದೆ. ಕೋಳಿಯನ್ನು ಜೀವವಿಜ್ಞಾನಿಗಳು ದೀರ್ಘ ಹಗಲಿನ ಹಕ್ಕಿಗಳ ಸಾಲಿಗೆ ಸೇರಿಸುತ್ತಾರೆ, ಅಂದರೆ ಹಗಲು ಒಂದು ಮಿತಿಯನ್ನು ದಾಟಿ ಬೆಳೆದಾಗ ಅದರ ಸಂತಾನಾಂಗಗಳು ಚುರುಕಾಗುತ್ತವೆ, ಹಗಲು ಕುಗ್ಗಿದಾಗ ಮಂಕಾಗುತ್ತವೆ. ಇದು ಚಳಿಯ ಪರಿಣಾಮವಲ್ಲ, ಬೆಳಕಿನ ಪರಿಣಾಮ ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಪುರಾವೆಯನ್ನು ಒದಗಿಸಿದ ಪ್ರಯೋಗ ಕೆನಡಾದ ಎಡ್ಮಂಟನ್‌ನದು: 1920ರ ದಶಕದ ಮಧ್ಯಭಾಗದಲ್ಲಿ ವಿಲಿಯಂ ರೋವನ್ ಅವರು ಜಂಕೊ ಎಂಬ ಗುಬ್ಬಿಗಾತ್ರದ ವಲಸೆ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲಿಯೇ ಬಯಲಿನ ಪಂಜರದಲ್ಲಿರಿಸಿ, ಕತ್ತಲಾದ ಮೇಲೆ ವಿದ್ಯುದ್ದೀಪ ಬೆಳಗಿಸಿ ಹಗಲನ್ನು ದಿನದಿನವೂ ಸ್ವಲ್ಪಸ್ವಲ್ಪ ಉದ್ದಗೊಳಿಸಿದಾಗ, ನಡುಚಳಿಗಾಲದಲ್ಲಿ ಅವುಗಳ ಸಂತಾನಾಂಗಗಳು ವಸಂತದಲ್ಲಿರುವಂತೆ ಬೆಳೆದುನಿಂತವು. ಮುಂದಿನ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಅವರು ಬಾತುಗಳ ಮೇಲೆ ನಡೆಸಿದ ಕೆಲಸ ಇನ್ನೂ ಅಚ್ಚರಿಯದು, ಏಕೆಂದರೆ ದೃಷ್ಟಿ ಇಲ್ಲದಂತೆ ಮಾಡಿದ ಬಾತುಗಳೂ ಬೆಳಕಿಗೆ ಅದೇ ರೀತಿ ಸ್ಪಂದಿಸಿದವು. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿವೆ. ಹಕ್ಕಿಯ ತೆಳುವಾದ ತಲೆಬುರುಡೆಯನ್ನು ತೂರಿ ಒಳಗಿಳಿಯುವ ಬೆಳಕು, ಅದರಲ್ಲೂ ಆಳಕ್ಕೆ ಇಳಿಯಬಲ್ಲ ಕೆಂಪು ಬೆಳಕು, ಅವುಗಳನ್ನು ನೇರವಾಗಿ ಮುಟ್ಟುತ್ತದೆ. ಅಲ್ಲಿಂದ ಹೊರಡುವ ಸೂಚನೆ ಪಿಟ್ಯೂಟರಿ ಗ್ರಂಥಿಯನ್ನು ತಲುಪಿ, ಆ ಗ್ರಂಥಿ ಸ್ರವಿಸುವ ಹಾರ್ಮೋನುಗಳು ಅಂಡಾಶಯವನ್ನು ಎಚ್ಚರಿಸುತ್ತವೆ. ಅಂಡಾಶಯದ ಈಸ್ಟ್ರೋಜನ್ ಯಕೃತ್ತಿನಿಂದ ಹಳದಿಯ ಸಾಮಗ್ರಿಯನ್ನು ತರಿಸಿಕೊಳ್ಳತೊಡಗುತ್ತದೆ. ದೀಪ ಹಚ್ಚಿದ ಮರುದಿನವೇ ಮೊಟ್ಟೆ ಕಾಣದೆ ಕೆಲವು ವಾರ ಕಾಯಬೇಕಾಗುವುದು ಈ ದೀರ್ಘ ಸರಪಳಿಯಿಂದಾಗಿಯೇ.

ಎಷ್ಟು ಬೆಳಕು ಬೇಕು ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದಲ್ಲಿ ಟ್ರೆವರ್ ಮಾರಿಸ್ ದಶಕಗಳ ಕಾಲ ಪರಿಶೀಲಿಸಿದರು, ಮತ್ತು ಪೀಟರ್ ಲೂಯಿಸ್ ಅವರೊಡನೆ 2006ರಲ್ಲಿ ಅದರ ಕುರಿತು ಒಂದು ಸಮಗ್ರ ಗ್ರಂಥವನ್ನೇ ಹೊರತಂದರು. ಈ ಬಗೆಯ ಅಧ್ಯಯನಗಳಿಂದ ತಿಳಿದಿರುವಂತೆ, ಹಗಲು ಸುಮಾರು 10 ಗಂಟೆಗಿಂತ ಚಿಕ್ಕದಾಗಿದ್ದಾಗ ಪ್ರಚೋದನೆ ತೀರಾ ಕಡಿಮೆಯಿದ್ದು, ಅಲ್ಲಿಂದ 13 ಗಂಟೆಯ ಆಸುಪಾಸಿನವರೆಗೆ ಅದು ಕಡಿದಾಗಿ ಏರುತ್ತದೆ, ಅದರಾಚೆಗೆ ಬೆಳಕು ಹೆಚ್ಚಿಸಿದಷ್ಟೂ ಸಿಗುವ ಲಾಭ ಕುಗ್ಗುತ್ತಾ ಹೋಗುತ್ತದೆ. ಅಂದಮೇಲೆ ಹಿತ್ತಲ ಸಾಕಣೆಯ ಕೈಪಿಡಿಗಳು ಆಗಾಗ ಹೇಳುವ 16 ಗಂಟೆಯ ಅಂಕಿ ಸಾವಿರಾರು ಕೋಳಿಗಳ ಶೆಡ್ಡಿನಲ್ಲಿ ಕೊನೆಯ ಒಂದೆರಡು ಮೊಟ್ಟೆಗಳನ್ನೂ ಹಿಂಡಿಕೊಳ್ಳಬೇಕಾದವರ ಅಂಕಿ. ಐದು ಹೇಂಟೆಗಳಿರುವ ಮನೆಗೆ ಅದರಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ.

ಆ ಕೊನೆಯ ಮೊಟ್ಟೆಗಳಿಗೆ ಒಂದು ಕಾಲದಲ್ಲಿ ನಿಜವಾದ ಬೆಲೆಯಿತ್ತು. ಶೈತ್ಯಾಗಾರಗಳು ಸಾಮಾನ್ಯವಾಗುವ ಮೊದಲು ಯುರೋಪು ಮತ್ತು ಅಮೆರಿಕದ ಮನೆಗಳಲ್ಲಿ ವಸಂತದ ಮೊಟ್ಟೆಗಳನ್ನು ಸುಣ್ಣದ ನೀರಿನಲ್ಲಿ ಅಥವಾ ಸೋಡಿಯಂ ಸಿಲಿಕೇಟ್ ದ್ರಾವಣದಲ್ಲಿ ಮುಳುಗಿಸಿ ಚಳಿಗಾಲಕ್ಕೆ ಕಾಪಿಡುತ್ತಿದ್ದರು, ತಾಜಾ ಮೊಟ್ಟೆ ಡಿಸೆಂಬರಿನಲ್ಲಿ ದುಬಾರಿ ಪದಾರ್ಥವಾಗಿರುತ್ತಿತ್ತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ವಿದ್ಯುತ್ ಹಳ್ಳಿಗಳನ್ನು ತಲುಪಿದಂತೆ ಕೋಳಿಮನೆಗೆ ದೀಪ ಬಂದದ್ದು ಈ ಬೆಲೆಯನ್ನು ಹಿಡಿಯಲಿಕ್ಕೆ. ಫಾರಂ ಕೋಳಿ ಸಾಮಾನ್ಯವಾಗಿ ಒಂದೂವರೆ ವರ್ಷದ ಆಸುಪಾಸಿನಲ್ಲಿ ಶೆಡ್ಡಿನಿಂದ ಹೊರಬೀಳುವುದರಿಂದ, ಬಿಡುವಿಲ್ಲದ ಉತ್ಪಾದನೆಯ ದೂರಗಾಮಿ ಪರಿಣಾಮಗಳು ಅಲ್ಲಿನ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ಹಿತ್ತಲ ಕೋಳಿಗಾದರೋ ಹೆಸರಿರುತ್ತದೆ, ಅದು ಆರೆಂಟು ವರ್ಷ ಬದುಕಲೆಂದು ಮನೆಯವರು ಬಯಸುತ್ತಾರೆ, ಮತ್ತು ಚಳಿಗಾಲದಲ್ಲಿ ಅದು ಇಡದೆ ಹೋದ ಮೊಟ್ಟೆ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ.

ದೀಪವನ್ನು ವಿರೋಧಿಸುವವರ ಬಹುಪ್ರಚಲಿತ ವಾದವೆಂದರೆ, ಕೋಳಿ ಹುಟ್ಟುವಾಗಲೇ ಇಂತಿಷ್ಟು ಮೊಟ್ಟೆಗಳನ್ನು ಹೊತ್ತು ಬಂದಿರುತ್ತದೆ, ಚಳಿಗಾಲದಲ್ಲಿ ಇಡಿಸಿದರೆ ಅವು ಬೇಗ ಮುಗಿದುಹೋಗುತ್ತವೆ ಎಂಬುದು. ಆದರೆ ಹೇಂಟೆಯ ಎಡಗಡೆಯ ಒಂದೇ ಅಂಡಾಶಯದಲ್ಲಿ ಅಂಡಗಳ ಮೊಳಕೆಗಳು ಸಾವಿರಗಟ್ಟಲೆ ಇರುತ್ತವೆ. ಎಷ್ಟೇ ಸಮೃದ್ಧವಾಗಿ ಮೊಟ್ಟೆಯಿಡುವ ತಳಿಯೂ ಜೀವಮಾನದಲ್ಲಿ ಅದರ ಒಂದು ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ವಯಸ್ಸಾದಂತೆ ಮೊಟ್ಟೆ ಕಡಿಮೆಯಾಗುವುದು ದೇಹ ಸವೆಯುವುದರಿಂದಲೇ ಹೊರತು ದಾಸ್ತಾನು ಬರಿದಾಗುವುದರಿಂದಲ್ಲ. ಪ್ರಕೃತಿಯನ್ನು ಮುಂದಿಟ್ಟು ಹೂಡುವ ಎರಡನೆಯ ವಾದವೂ ಇಷ್ಟೇ ಸಡಿಲವಾದದ್ದು. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟರೆ ಇಂದಿನ ಲೇಯರ್ ತಳಿಗಳು ಮುನ್ನೂರರ ಗಡಿಯನ್ನು ದಾಟುತ್ತವೆ, ಮತ್ತು ಋತುವಿಗೆ ಸಂತಾನವನ್ನು ಕಟ್ಟಿಹಾಕುವ ವ್ಯವಸ್ಥೆಗೆ ಸಂಬಂಧಿಸಿದ ಥೈರಾಯಿಡ್ ಪ್ರಚೋದಕ ಹಾರ್ಮೋನಿನ ಗ್ರಾಹಕದ ಜೀನು ಜಗತ್ತಿನ ಬಹುತೇಕ ಎಲ್ಲ ಸಾಕುಕೋಳಿಗಳಲ್ಲಿ ಒಂದೇ ಮಾರ್ಪಟ್ಟ ರೂಪದಲ್ಲಿದೆ ಎಂಬುದನ್ನು 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಋತುವಿನ ಹಿಡಿತವನ್ನು ತಳಿ ಆಯ್ಕೆಯ ಮೂಲಕ ಶತಮಾನಗಳ ಹಿಂದೆಯೇ ಸಡಿಲಿಸಿಕೊಂಡ ಮನುಷ್ಯ ಒಂದು ಬಲ್ಬಿನ ಮುಂದೆ ಪ್ರಕೃತಿಯ ಹೆಸರೆತ್ತುವುದು ತಡವಾದ ಸಂಕೋಚ.

ಗಂಭೀರವಾದ ಆಕ್ಷೇಪಣೆ ಇರುವುದು ಬೇರೆಡೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಬಹುಪಾಲು ರಾತ್ರಿಯ ಹೊತ್ತು, ಕೋಳಿ ಮೇಯದಿರುವಾಗ, ಕಟ್ಟಿಕೊಳ್ಳುವುದರಿಂದ ಅದರ ಒಂದು ಪಾಲು ಎಲುಬುಗಳ ಒಳಗೆ ಮೊಟ್ಟೆಯಿಡುವ ಕಾಲಕ್ಕೆಂದೇ ಬೆಳೆಯುವ ಮೆದು ಎಲುಬಿನಿಂದ ಬರುತ್ತದೆ. ಇಡುವ ಕಾಲ ಎಡೆಬಿಡದೆ ಸಾಗಿದಾಗ ದೇಹಕ್ಕೆ ಆಧಾರವಾದ ಗಟ್ಟಿ ಎಲುಬು ತೆಳುವಾಗುತ್ತಾ ಬರುತ್ತದೆ, ಬಿಡುವು ಸಿಕ್ಕಾಗ ಮತ್ತೆ ತುಂಬಿಕೊಳ್ಳುತ್ತದೆ. ಇದಲ್ಲದೆ ಹೇಂಟೆಗಳಲ್ಲಿ ಅಂಡಾಶಯದ ಕ್ಯಾನ್ಸರ್ ತಾನಾಗಿಯೇ ಎಷ್ಟು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆಂದರೆ, ಮನುಷ್ಯರ ಅದೇ ರೋಗವನ್ನು ಅರಿಯಲು ವಿಜ್ಞಾನಿಗಳು ಅವುಗಳನ್ನು ಮಾದರಿಯಾಗಿ ಬಳಸುತ್ತಾರೆ. ಅಂಡ ಬಿಡುಗಡೆಯನ್ನು ತಗ್ಗಿಸಿದ ಪ್ರಯೋಗಗಳಲ್ಲಿ ಗೆಡ್ಡೆಗಳೂ ಕಡಿಮೆಯಾಗಿವೆ. ಹಗಲು ಕುಗ್ಗುವ ಹೊತ್ತಿಗೆ ಕೋಳಿ ಗರಿ ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುತ್ತದೆ, ಗರಿಯಾದರೋ ಬಹುಮಟ್ಟಿಗೆ ಪ್ರೋಟೀನೇ ಆಗಿರುವುದರಿಂದ ಆ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುವುದು ದೇಹದ ಸಹಜ ಮಿತವ್ಯಯ. ಗರಿ ಉದುರಿಸುತ್ತಿರುವ ಕೋಳಿಯ ಮೇಲೆ ದೀಪ ಹಾಯಿಸುವುದನ್ನು ಯಾವ ತರ್ಕದಿಂದಲೂ ಸಮರ್ಥಿಸಲಾಗದು, ಆದರೆ ಅತಿಹೆಚ್ಚು ಜನ ದೀಪದ ನೆನಪು ಮಾಡಿಕೊಳ್ಳುವುದು ಮೊಟ್ಟೆ ನಿಂತ ಆ ಘಳಿಗೆಯಲ್ಲಿಯೇ.

ಬಳಕೆಯ ವಿವರಗಳಲ್ಲಿಯೂ ಈ ರೂಢಿ ದುರ್ಬಲವಾಗಿದೆ. ಬೆಳಕು ಮತ್ತು ಶಾಖವನ್ನು ಒಂದೇ ಎಂದು ಬಗೆದು 250 ವಾಟ್‌ನ ಶಾಖದೀಪವನ್ನು ಒಣಹುಲ್ಲು, ಮರದ ಹೊಟ್ಟು ಹರಡಿದ ಗೂಡಿನಲ್ಲಿ ನೇತುಹಾಕುವುದರಿಂದ ಪ್ರತಿ ಚಳಿಗಾಲವೂ ಗೂಡುಗಳಿಗೆ ಬೆಂಕಿ ಬೀಳುತ್ತದೆ. ರೋವನ್ ಅವರ ಹಕ್ಕಿಗಳು ಶಾಖವಿಲ್ಲದೆಯೇ ಸ್ಪಂದಿಸಿದ್ದವೆಂಬುದನ್ನು ಇಲ್ಲಿ ನೆನೆಯಬೇಕು. ಕೋಳಿಯ ತಲೆಯ ಮಟ್ಟದಲ್ಲಿ ದಿನಪತ್ರಿಕೆ ಓದಲಾಗುವಷ್ಟು ಬೆಳಕು ಸಾಕು, ಅದನ್ನು ಒಂದು ಸಣ್ಣ ಎಲ್‌ಇಡಿ ಬಲ್ಬು ಕೊಡುತ್ತದೆ. ಹೆಚ್ಚುವರಿ ಬೆಳಕನ್ನು ಸಂಜೆಗಿಂತ ನಸುಕಿನಲ್ಲಿ ಕೊಡುವುದು ಲೇಸು, ಏಕೆಂದರೆ ಸಂಜೆಯ ದೀಪ ಒಮ್ಮೆಲೇ ಆರಿದರೆ ಇರುಳಿನಲ್ಲಿ ಕಣ್ಣು ಕಾಣದ ಕೋಳಿಗಳು ಅಡ್ಡಕೋಲಿಗೆ ಏರಲಾಗದೆ ನೆಲದಲ್ಲಿ ಉಳಿಯುತ್ತವೆ. ಟೈಮರ್ ಕೆಟ್ಟು ಬೆಳಕು ಹಠಾತ್ತನೆ ಕಡಿಮೆಯಾದರೆ ನಡುಚಳಿಗಾಲದಲ್ಲಿ ಗರಿ ಉದುರುವ ಅಪಾಯ ಬೇರೆ. ಕೋಳಿಗೆ ಕತ್ತಲೆಯೂ ಬೇಕು. ಮೊಟ್ಟೆಕೋಳಿಗಳ ಸಂರಕ್ಷಣೆಗಾಗಿ 1999ರಲ್ಲಿ ಯುರೋಪಿನ ಒಕ್ಕೂಟ ಹೊರಡಿಸಿದ ನಿರ್ದೇಶನ ದಿನದ ಸುಮಾರು ಮೂರನೆಯ ಒಂದು ಭಾಗ ಎಡೆಬಿಡದ ಕತ್ತಲೆಯಿರಬೇಕೆಂದು ಹೇಳುತ್ತದೆ. ವಸಂತದಲ್ಲಿ ಹುಟ್ಟಿದ ಎಳೆಯ ಹೇಂಟೆಗಳು ಮೊದಲ ಚಳಿಗಾಲದಲ್ಲಿ ಬಹುತೇಕ ದೀಪವಿಲ್ಲದೆಯೇ ಮೊಟ್ಟೆಯಿಡುವುದರಿಂದ ಅವುಗಳಿಗೆ ದೀಪ ಅನಗತ್ಯ. ಮುದಿ ಕೋಳಿಗಳಿಗೆ ಅದು ಹಾನಿಕರವಾಗುವ ಸಂಭವವೇ ಹೆಚ್ಚು. ಉಳಿದದ್ದು ನಡುವಯಸ್ಸಿನ, ಹೊಸ ಗರಿ ತೊಟ್ಟ, ಚೆನ್ನಾಗಿ ಮೇಯುವ ಕೋಳಿ. ಅದಕ್ಕೆ ಜನವರಿಯ ನಂತರ ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ 13 ಅಥವಾ 14 ಗಂಟೆಗೆ ನಿಲ್ಲಿಸುವುದಾದರೆ ಈ ರೂಢಿಯನ್ನು ಒಪ್ಪಬಹುದು.

ಕರ್ನಾಟಕದ ಲೇಯರ್ ಫಾರಂಗಳು ಇದೇ 16 ಗಂಟೆಯ ಕ್ರಮವನ್ನು ಪಾಲಿಸುತ್ತವೆ, ಅವುಗಳ ಲೆಕ್ಕಕ್ಕೆ ಅದು ಹೊಂದುತ್ತದೆ. ಆದರೆ ಬೆಂಗಳೂರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ಉದ್ದದ್ದು 12 ಗಂಟೆ 50 ನಿಮಿಷ. ಬೀದರಿನಲ್ಲಿಯೂ ಡಿಸೆಂಬರಿನ ಹಗಲು 11 ಗಂಟೆಗಿಂತ ಕೆಳಗಿಳಿಯುವುದಿಲ್ಲ. ಮಿನ್ನೆಸೋಟದ ಕೋಳಿಯ ಮೊಟ್ಟೆಯನ್ನು ನಿಲ್ಲಿಸುವ ಕಾರಣ ಇಲ್ಲಿ ಅಷ್ಟಾಗಿ ಇಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂತಹ ತಳಿಗಳಲ್ಲಿ ನಸುಕಿನ ದೀಪ ಅಲ್ಪಸ್ವಲ್ಪ ಫಲ ಕೊಡಬಹುದಾದರೂ, ನಾಟಿ ಹೇಂಟೆ ಹನ್ನೆರಡು ಹದಿನೈದು ಮೊಟ್ಟೆಯಿಟ್ಟು ನಿಲ್ಲುವುದು ಕಾವಿಗೆ ಕೂರುವುದರಿಂದ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಏರಿಕೆಯಿಂದ. 21 ದಿನಗಳ ಕಾವು, ಅದರ ಬೆನ್ನಿಗೆ ಮರಿಗಳನ್ನು ಮೇಯಿಸಿಕೊಂಡು ತಿರುಗುವ ಎರಡು ಮೂರು ತಿಂಗಳು, ಇವುಗಳನ್ನು ಯಾವ ಬಲ್ಬೂ ಮೊಟಕುಗೊಳಿಸಲಾರದು. ಮರಿಗಳನ್ನು ಬೇಗ ಬೇರ್ಪಡಿಸಿ ಪ್ರತ್ಯೇಕವಾಗಿ ಸಾಕಿದರೆ ತಾಯಿಕೋಳಿ ಕೆಲವು ವಾರಗಳಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ.