ಬಣ್ಣದ ಪಟ್ಟಿಯೂ ಹತ್ತನೇ ತರಗತಿಯ ಕಿಟ್ಟೂ

ಕೇರಳದಲ್ಲಿ 2025ರ ಶೈಕ್ಷಣಿಕ ವರ್ಷದಿಂದ ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ರೋಬಾಟಿಕ್ಸ್ ಪಾಠವಿದೆ. ತಿರುವನಂತಪುರದ ಸರ್ಕಾರಿ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ಶಾಲೆಗಳಿಗೆ ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡ್, ಬ್ರೆಡ್‌ಬೋರ್ಡ್, ಸರ್ವೊ ಮೋಟಾರ್ ಇರುವ ಕಿಟ್ ಕೊಟ್ಟಿದೆ. ಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಬಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಮಟ್ಟಿಗೆ ಇದು ನಿಜಕ್ಕೂ ದೊಡ್ಡ ಸಂಗತಿ. ಆದರೆ ಎಲ್‌ಇಡಿ ಒಂದನ್ನು ಉರಿಸಲು ಕೂತ ಮಗುವಿಗೆ ಮೊದಲು ಎದುರಾಗುವುದು ಪ್ರೋಗ್ರಾಮಲ್ಲ, ಕರೆಂಟಿಗೆ ತಡೆಯೊಡ್ಡುವ, ಭತ್ತದ ಕಾಳಿನಷ್ಟು ಉದ್ದದ ಒಂದು ರೆಸಿಸ್ಟರ್. ಅದರ ಮೇಲೆ ಅಂಕಿಯಿಲ್ಲ, ಅಕ್ಷರವಿಲ್ಲ, ಬರೀ ಬಣ್ಣದ ಪಟ್ಟಿಗಳು. ಈ ಗುರುತುಗಳು ಕಲಿಯುವವರಿಗೆ ಎಷ್ಟು ನೆರವಾಗುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ನಾವು ಕೂತು ತೂಗಿ ನೋಡಿದ್ದು ಕಡಿಮೆ.

ಬಣ್ಣದ ಪದ್ಧತಿ ಹುಟ್ಟಿದ್ದು 1920ರ ದಶಕದ ಅಮೆರಿಕದ ರೇಡಿಯೊ ತಯಾರಕರ ನಡುವೆ. ದುಂಡಗಿನ ಮೈಮೇಲೆ ಅಂಕಿ ಅಚ್ಚೊತ್ತಿದರೆ ಬೆಸುಗೆ ಹಾಕಿದ ಮೇಲೆ ಅದು ಅಡಿಗೆ ತಿರುಗಿ ಕಾಣದೇ ಹೋಗಬಹುದು, ಉಜ್ಜಿ ಅಳಿಯಲೂಬಹುದು. ಸುತ್ತಲೂ ಬಳಿದ ಪಟ್ಟಿಯಾದರೆ ಯಾವ ಮಗ್ಗುಲಿಂದ ನೋಡಿದರೂ ಕಾಣುತ್ತದೆ. 1952ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಕಪ್ಪು ಸೊನ್ನೆ, ಕಂದು ಒಂದು, ಆಮೇಲೆ ಕಾಮನಬಿಲ್ಲಿನ ಕ್ರಮದಲ್ಲೇ ಕೆಂಪಿನಿಂದ ನೇರಳೆಯವರೆಗೆ ಎರಡರಿಂದ ಏಳು, ಕೊನೆಗೆ ಬೂದು ಎಂಟು, ಬಿಳಿ ಒಂಬತ್ತು. ಕತ್ತಲೆಯಿಂದ ಶುರುವಾಗಿ ಬೆಳಕಿನಲ್ಲಿ ಮುಗಿಯುವ ಈ ಜೋಡಣೆ ಸೊಗಸಾಗಿದೆ. ಇದನ್ನು ಇಷ್ಟು ಸರಳವಾಗಿ ಹೇಳಿಕೊಡುವ ಬದಲು ನಮ್ಮ ಡಿಪ್ಲೊಮಾ ತರಗತಿಗಳು ‘ಬಿ.ಬಿ. ರಾಯ್ ಆಫ್ ಗ್ರೇಟ್ ಬ್ರಿಟನ್’ ಎಂದು ಶುರುವಾಗುವ ಇಂಗ್ಲಿಷ್ ಸಾಲನ್ನು ಉರು ಹೊಡೆಸುತ್ತ ಬಂದಿವೆ. ಅದರಲ್ಲಿ ಮೂರು ‘ಬಿ’, ಎರಡು ‘ಜಿ’. ಯಾವ ‘ಬಿ’ ಯಾವ ಬಣ್ಣ ಎಂದು ಮತ್ತೊಮ್ಮೆ ಉರು ಹೊಡೆಯಬೇಕು.

ನಾಲ್ಕು ಪಟ್ಟಿಯ ಹಳೆಯ ರೆಸಿಸ್ಟರಿನಲ್ಲಿ ಈ ಪದ್ಧತಿ ಚೆನ್ನಾಗಿಯೇ ನಡೆಯುತ್ತದೆ. ಮೌಲ್ಯ ಶೇ. 5ರಷ್ಟು ಆಚೀಚೆ ಇರಬಹುದೆನ್ನುವ ಚಿನ್ನದ ಪಟ್ಟಿಯೋ ಶೇ. 10 ಎನ್ನುವ ಬೆಳ್ಳಿ ಪಟ್ಟಿಯೋ ಕೊನೆ ಯಾವುದೆಂದು ತೋರಿಸಿಬಿಡುತ್ತದೆ. ತೊಡಕು ಇರುವುದು ಈಗ ಎಲ್ಲೆಡೆ ಸಿಗುವ ನೀಲಿ ಮೈಯ, ಐದು ಪಟ್ಟಿಯ, ಶೇ. 1ರ ರೆಸಿಸ್ಟರಿನಲ್ಲಿ. ಇದರಲ್ಲಿ ಮೊದಲ ಮೂರು ಪಟ್ಟಿ ಅಂಕಿಗಳು, ನಾಲ್ಕನೆಯದು ಸೊನ್ನೆಗಳ ಎಣಿಕೆ, ಕೊನೆಯದು ಆಚೀಚೆಯ ಪ್ರಮಾಣ. ಕಂದು, ಕಪ್ಪು, ಕಪ್ಪು, ಕೆಂಪು, ಕಂದು: ಇದು 10 ಕಿಲೋಓಮ್. ಅದನ್ನೇ ತಿರುಗಿಸಿ ಹಿಡಿಯಿರಿ. ಕಂದು, ಕೆಂಪು, ಕಪ್ಪು, ಕಪ್ಪು, ಕಂದು: 120 ಓಮ್. ಎರಡೂ ಅಂಗಡಿಯಲ್ಲಿ ಸಿಗುವ ಮೌಲ್ಯಗಳೇ. ಕೊನೆಯ ಪಟ್ಟಿಗೆ ಮುಂಚೆ ತುಸು ಹೆಚ್ಚು ಜಾಗ ಬಿಡಬೇಕೆಂಬ ನಿಯಮವೇನೋ ಇದೆ. ಆರು ಮಿಲಿಮೀಟರ್ ಉದ್ದದ ಮೈಯಲ್ಲಿ ಆ ಜಾಗ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ. ಜೊತೆಗೆ ನೀಲಿ ಹಿನ್ನೆಲೆಯಲ್ಲಿ ಕಂದು, ಕೆಂಪು, ಕಿತ್ತಳೆ ಮೂರೂ ಒಂದೇ ಥರ ಕಾಣುತ್ತವೆ. ಕೆಂಪು-ಹಸಿರು ಗುರುತಿಸಲಾಗದ ಮಗುವಿಗಂತೂ ಈ ಪದ್ಧತಿ ಬಾಗಿಲನ್ನೇ ಮುಚ್ಚುತ್ತದೆ. ಇಂಥ ರೆಸಿಸ್ಟರನ್ನು ಕಣ್ಣಿನಿಂದ ಓದು ಎಂದು ಹೊಸಬರಿಗೆ ಹೇಳುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ.

ಎರ್ನಾಕುಲಂನ ಪಳ್ಳಿಮುಕ್ಕಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈ ಕಷ್ಟ ಕಾಣುವುದಿಲ್ಲ. ಮೌಲ್ಯ ಬರೆದ ಡಬ್ಬಿಯಿಂದಲೇ ತೆಗೆದು ಎಣಿಸಿ ಕೊಡುತ್ತಾರೆ. ಮನೆಗೆ ತಂದು ಎಲ್ಲವೂ ಕಲಸಿಹೋದ ಮೇಲೆ ಪರದಾಟ ಶುರು.

ಅಂಕಿಯ ಗುರುತಾದರೆ ಸುಲಭ ಎಂದುಕೊಳ್ಳುವ ಹಾಗೂ ಇಲ್ಲ. ಮೊದಲೆರಡು ಅಂಕಿ ಮೌಲ್ಯ, ಮೂರನೆಯದು ಸೊನ್ನೆಗಳ ಎಣಿಕೆ ಎಂಬ ಸೂತ್ರ ಒಳ್ಳೆಯದೇ. ಸೆರಾಮಿಕ್ ಕೆಪಾಸಿಟರ್ ಮೇಲಿನ 104 ಎಂದರೆ 10ರ ಮುಂದೆ ನಾಲ್ಕು ಸೊನ್ನೆ, ಅಂದರೆ ಒಂದು ಲಕ್ಷ ಪಿಕೊಫ್ಯಾರಡ್, 0.1 ಮೈಕ್ರೋಫ್ಯಾರಡ್. ಆದರೆ ‘104ಕೆ’ ಎಂದಿದ್ದರೆ ಆ ‘ಕೆ’ ಕಿಲೋ ಅಲ್ಲ, ಮೌಲ್ಯ ಶೇ. 10ರಷ್ಟು ಆಚೀಚೆ ಇರಬಹುದು ಎಂಬ ಸೂಚನೆ. ರೆಸಿಸ್ಟರ್ ಮೇಲೆ ‘4ಕೆ7’ ಎಂದಿದ್ದರೆ ಅದೇ ‘ಕೆ’ ಕಿಲೋ ಆಗುತ್ತದೆ, ದಶಮಾಂಶ ಬಿಂದುವಿನ ಜಾಗದಲ್ಲೂ ನಿಲ್ಲುತ್ತದೆ: 4.7 ಕಿಲೋಓಮ್. ಬೋರ್ಡಿನ ಮೇಲೆ ಅಂಟಿಸುವ ಚಪ್ಪಟೆ ರೆಸಿಸ್ಟರಿನಲ್ಲಿ 220 ಎಂದರೆ 22 ಓಮ್. 220 ಓಮ್ ಬೇಕಿದ್ದರೆ 221 ಎಂದಿರಬೇಕು. ಐದು ವೋಲ್ಟಿನಲ್ಲಿ ಕೆಂಪು ಎಲ್‌ಇಡಿಗೆ 220 ಓಮ್ ಹಾಕಿದರೆ ಸುಮಾರು 14 ಮಿಲಿಆಂಪಿಯರ್ ಹರಿಯುತ್ತದೆ, ಹಿತವಾಗಿ ಉರಿಯುತ್ತದೆ. 22 ಹಾಕಿದರೆ ಲೆಕ್ಕದಲ್ಲಿ ಅದರ ಹತ್ತು ಪಟ್ಟು. ಎಲ್‌ಇಡಿಯೂ ಆರ್ಡುಯಿನೊದ ಪಿನ್ನೂ ತಡೆಯಲಾರವು.

ನನ್ನ ಮಟ್ಟಿಗೆ ಅತ್ಯಂತ ಪ್ರಾಮಾಣಿಕ ಗುರುತು ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನದು. 1973ರಲ್ಲಿ ಶುರುವಾದ ಕೇರಳ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕೆಲ್ಟ್ರಾನಿನ ಕಣ್ಣೂರು ಘಟಕ ತಯಾರಿಸುವ ಕೆಪಾಸಿಟರನ್ನೇ ನೋಡಿ. ಎಷ್ಟು ಮೈಕ್ರೋಫ್ಯಾರಡ್, ಎಷ್ಟು ವೋಲ್ಟ್, ಋಣ ತುದಿ ಯಾವ ಕಡೆ, ಎಲ್ಲವೂ ಮೈಮೇಲೇ ನೇರವಾಗಿ ಇದೆ. ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಇದರಲ್ಲಿ ಪಟ್ಟಿ ಋಣ ತುದಿಯನ್ನು ತೋರಿಸಿದರೆ, ಚಪ್ಪಟೆ ಟ್ಯಾಂಟಲಮ್ ಕೆಪಾಸಿಟರಿನಲ್ಲಿ ಅದೇ ಪಟ್ಟಿ ಧನ ತುದಿ. ತಿರುಗಿಸಿ ಹಾಕಿದ ಟ್ಯಾಂಟಲಮ್ ಹೊತ್ತಿ ಉರಿಯುವುದುಂಟು.

ಹಾಗಾದರೆ ಹೊಸಬರಿಗೆ ಮೊದಲು ಏನು ಕಲಿಸಬೇಕು? ಬಣ್ಣಕ್ಕಿಂತ ಮೊದಲು ಹನ್ನೆರಡು ಸಂಖ್ಯೆಗಳನ್ನು: 10, 12, 15, 18, 22, 27, 33, 39, 47, 56, 68, 82. ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು ಶೇ. 20 ದೊಡ್ಡದು, ಹಾಗಾಗಿ ಶೇ. 10 ಆಚೀಚೆ ಆದರೂ ನಡುವೆ ಖಾಲಿ ಜಾಗ ಹೆಚ್ಚುಕಡಿಮೆ ಉಳಿಯುವುದಿಲ್ಲ. 47, 22 ಪದೇ ಪದೇ ಯಾಕೆ ಬರುತ್ತವೆ, 50 ಯಾಕೆ ಸಿಗುವುದಿಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ನಾಲ್ಕು ಪಟ್ಟಿಯ ರೆಸಿಸ್ಟರಿನಲ್ಲಿ ‘42’ ಎಂದು ಓದಿದ ಹುಡುಗಿಗೆ ತಾನು ಓದಿದ್ದು ತಪ್ಪೆಂದು ತನಗೇ ಗೊತ್ತಾಗುತ್ತದೆ. ಆಮೇಲೆ ಮಲ್ಟಿಮೀಟರ್. ಸರ್ಕ್ಯೂಟಿಗೆ ಹಾಕುವ ಮುಂಚೆ ಪ್ರತಿ ರೆಸಿಸ್ಟರನ್ನೂ ಅಳೆಯುವ ಅಭ್ಯಾಸ ಬಂದರೆ ಬಣ್ಣದ ಪಟ್ಟಿ ತಾನಾಗಿ ಪರಿಚಯವಾಗುತ್ತದೆ.

ಪಠ್ಯಪುಸ್ತಕ ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಮುದ್ರಣದಲ್ಲಿ ಈ ಗುರುತುಗಳಿಗೆಂದೇ ಬಣ್ಣದಲ್ಲಿ ಅಚ್ಚಾದ ಒಂದು ಪುಟವನ್ನು ಕನ್ನಡದಲ್ಲೂ ಕೊಡಿ, ಪ್ರತಿ ಕಿಟ್ಟಿನ ಜೊತೆ ಒಂದು ಮಲ್ಟಿಮೀಟರ್ ಇಡಿ.